ಕೇಸ್ ಶೀಟ್ ಓದದೆ ವಕಾಲತ್ತಿಗೆ ಸಹಿ ಬೇಡ

ವಕೀಲರ ಕಚೇರಿಗೆ ವೈದ್ಯಕೀಯ ನಿರ್ಲಕ್ಷ್ಯದ ಕೇಸು ಬರುವುದು ಬಹುಮಟ್ಟಿಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಒಳಗೆ ಡಿಸ್ಚಾರ್ಜ್ ಸಮರಿ, ಬಿಲ್ಲುಗಳು, ಮಡಿಕೆ ಬಿದ್ದ ಲ್ಯಾಬ್ ರಿಪೋರ್ಟು, ಒಂದು ಸ್ಕ್ಯಾನಿಂಗ್ ಫಿಲ್ಮು. ತಂದವರ ಮೊದಲ ಮಾತೂ ಹೆಚ್ಚುಕಡಿಮೆ ಒಂದೇ: "ನಡ್ಕೊಂಡು ಹೋದೋರು ಸಾರ್, ಹೆಣವಾಗಿ ಬಂದ್ರು." ಆ ಮಾತು ಸುಳ್ಳಲ್ಲ, ಅದರ ಹಿಂದಿನ ಸಂಕಟವೂ ಸುಳ್ಳಲ್ಲ. ಆದರೂ ಅದನ್ನು ಕೇಳಿದ ತಕ್ಷಣ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ವಕೀಲರು ಆ ಮನೆಯವರಿಗೆ ಉಪಕಾರ ಮಾಡುತ್ತಿಲ್ಲ. ವರ್ಷಗಟ್ಟಲೆ ಅಲೆದು, ಕೊನೆಗೆ "ನಿರ್ಲಕ್ಷ್ಯ ಸಾಬೀತಾಗಿಲ್ಲ" ಎಂಬ ಒಂದು ಸಾಲು ಓದಿಸಿಕೊಂಡು ಮನೆಗೆ ಹೋಗುವುದೆಂದರೆ ಗಾಯದ ಮೇಲೆ ಬರೆ ಎಳೆದ ಹಾಗೆ.

ನಷ್ಟ ಎಷ್ಟು ದೊಡ್ಡದು ಎನ್ನುವುದು ಒಂದು ಪ್ರಶ್ನೆ. ಕೇಸು ನಿಲ್ಲುತ್ತದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಎಳೆ ಪ್ರಾಯದ ಸಾವಿನ ಹಿಂದೆ ಯಾರ ತಪ್ಪೂ ಇಲ್ಲದಿರಬಹುದು. ಕಣ್ಣಿಗೆ ಹೊಡೆಯುವ ತಪ್ಪಾದರೂ ಅದರಿಂದ ರೋಗಿಗೆ ಹೇಳಿಕೊಳ್ಳುವಂಥ ಹಾನಿ ಆಗದಿರಬಹುದು. ಇವೆರಡನ್ನೂ ಬೇರ್ಪಡಿಸಿ ನೋಡುವ ಕೆಲಸ ದೂರು ದಾಖಲಿಸುವ ಮೊದಲೇ ಮುಗಿದಿರಬೇಕು.

ಶುರು ಮಾಡಬೇಕಾದದ್ದು ದಿನಾಂಕದಿಂದ. ಡಾಕ್ಟರು ಏನು ಮಾಡಿದರು ಎಂದು ಕೇಳುವುದಕ್ಕೂ ಮೊದಲು, ಯಾವಾಗ ಎಂದು ಕೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಕಲಮಿನ ಪ್ರಕಾರ ವ್ಯಾಜ್ಯ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ತಕ್ಕ ಕಾರಣ ತೋರಿಸಿದರೆ ವಿಳಂಬ ಮನ್ನಾ ಮಾಡುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ, ಆದರೆ ಅದನ್ನೇ ನೆಚ್ಚಿಕೊಂಡು ಕೂರುವುದು ಅಪಾಯ. ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣವನ್ನು ಈ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ಗೋವಾದ ಸರ್ಕಾರಿ ಆಸ್ಪತ್ರೆಯೊಂದರ ನರ್ಸ್ ಒಬ್ಬರಿಗೆ 1993ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿತ್ತು. ಆಮೇಲೆ ವರ್ಷಗಟ್ಟಲೆ ಹೊಟ್ಟೆನೋವು. ನೋವಿನ ಮಾತ್ರೆ ನುಂಗಿಕೊಂಡೇ ದಿನ ದೂಡಿದರು. 2002ರಲ್ಲಿ ಮತ್ತೆ ಹೊಟ್ಟೆ ತೆರೆದಾಗ ಸಿಕ್ಕಿದ್ದು ಗಾಜ್ ಬಟ್ಟೆ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಇನ್ನೇನು ಬೇಕು? ಆದರೂ 2004ರಲ್ಲಿ ಸಲ್ಲಿಸಿದ ದೂರು ಕಾಲಮಿತಿ ಮೀರಿದೆ ಎಂದೇ ವಜಾ ಆಯಿತು. ನರ್ಸ್ ಆಗಿದ್ದವರು ಅಷ್ಟು ವರ್ಷ ನೋವಿನ ಕಾರಣ ಹುಡುಕದೆ ಇದ್ದದ್ದು ಸರಿಯಲ್ಲ ಎಂದಿತು ಕೋರ್ಟು. ನನಗೆ ಆ ತೀರ್ಪು ಕಠಿಣವೆನಿಸುತ್ತದೆ. ಆದರೆ ಕಕ್ಷಿದಾರರ ಭವಿಷ್ಯವನ್ನು ನಮ್ಮ ಅನಿಸಿಕೆಯ ಮೇಲೆ ಪಣಕ್ಕಿಡಲು ಬರುವುದಿಲ್ಲ. ಎರಡು ವರ್ಷಕ್ಕೆ ಹದಿನೈದು ದಿನ ಉಳಿದಿರುವಾಗ ಬಂದ ಕೇಸನ್ನು ನಿಧಾನವಾಗಿ ಓದಿ ನಿರ್ಧರಿಸುವ ಸ್ವಾತಂತ್ರ್ಯ ವಕೀಲರಿಗೆ ಉಳಿಯುವುದಿಲ್ಲ. ಸಮಾಧಾನವಾಗಿ ನೋಡಲು ಕನಿಷ್ಠ ಆರು ತಿಂಗಳು ಕೈಯಲ್ಲಿರಬೇಕು.

ಎರಡನೆಯದು, ಯಾವ ಬಾಗಿಲು. ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪಿನ ನಂತರ ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ 'ಸೇವೆ'ಯೊಳಗೆ ಬರುತ್ತದೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ, ಉಚಿತ ಚಿಕಿತ್ಸೆ ಪಡೆದವರೂ ಗ್ರಾಹಕರೇ. ಆದ್ದರಿಂದ "ಕಾರ್ಡಿನ ಮೇಲೆ ಮಾಡಿದ್ರು, ನಾವು ದುಡ್ಡು ಕೊಟ್ಟಿಲ್ಲ" ಎಂದು ಹೇಳುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಬಾರದು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆ ಮಾತ್ರ ಇದರ ಹೊರಗೆ. ಅಲ್ಲಿನ ತಪ್ಪಿಗೆ ಸಿವಿಲ್ ದಾವೆ ಹೂಡಬೇಕು. ಸರ್ಕಾರದ ಮೇಲಾದ್ದರಿಂದ ಸಾಮಾನ್ಯವಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು 2 ತಿಂಗಳು ಕಾಯಬೇಕು, ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯೊಳಗೆ ಟವೆಲ್ ಉಳಿದು ಮಹಿಳೆ ತೀರಿಕೊಂಡ ಪ್ರಕರಣದಲ್ಲಿ, ಸರ್ಕಾರವೇ ಹೊಣೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅಂಥ ದಾವೆಯಲ್ಲೇ.

ಖಾಸಗಿ ಆಸ್ಪತ್ರೆಯ ಕೇಸಿಗೆ ಈಗ ಬಹುತೇಕ ಜಿಲ್ಲಾ ಆಯೋಗವೇ ಗತಿ. 2019ರ ಕಾಯ್ದೆಯಲ್ಲಿ ಲೆಕ್ಕಕ್ಕೆ ಬರುವುದು ಆಸ್ಪತ್ರೆಗೆ ಕಟ್ಟಿದ ಹಣ. ಎಷ್ಟು ಪರಿಹಾರ ಕೇಳುತ್ತೀರಿ ಎಂಬುದಲ್ಲ. 2021ರ ಕೊನೆಯಲ್ಲಿ ಬಂದ ನಿಯಮದಂತೆ 50 ಲಕ್ಷದವರೆಗೆ ಕಟ್ಟಿದವರು ಜಿಲ್ಲಾ ಆಯೋಗಕ್ಕೆ ಹೋಗಬೇಕು. ಮೂರು ಲಕ್ಷ ಬಿಲ್ ಕಟ್ಟಿ ಎರಡು ಕೋಟಿ ಪರಿಹಾರ ಕೇಳಿದರೂ ಜಿಲ್ಲಾ ಆಯೋಗವೇ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದಾಖಲಾತಿ ಶುಲ್ಕವೂ ಇಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದಾಖಲಿಸಬಹುದು ಎಂಬುದು ಹೊಸ ಕಾಯ್ದೆಯ ದೊಡ್ಡ ಅನುಕೂಲ: ಬೀದರಿನವರು ಬೆಂಗಳೂರಿನ ಆಸ್ಪತ್ರೆಯ ಮೇಲೆ ಬೀದರಿನಲ್ಲೇ ದೂರು ಕೊಡಬಹುದು. ಸಣ್ಣ ಊರುಗಳಲ್ಲಿ ಇನ್ನೊಂದು ಸಂಗತಿಯನ್ನೂ ನೋಡಿಕೊಳ್ಳಬೇಕು. ತಾಲ್ಲೂಕು ಕೇಂದ್ರದಲ್ಲಿ ಇರುವ ಒಂದಿಬ್ಬರು ಹೆರಿಗೆ ಡಾಕ್ಟರೇ ವಕೀಲರ ಮನೆಗೂ ಡಾಕ್ಟರು. ಆ ಆಸ್ಪತ್ರೆಯ ಬಾಡಿಗೆ ಕರಾರು ಬರೆದವರೂ ಅದೇ ವಕೀಲರಿರಬಹುದು. ಹಾಗಿದ್ದರೆ ಕಡತ ತೆರೆಯುವ ಮೊದಲೇ ಹೇಳಿ ಬಿಡಿಸಿಕೊಳ್ಳಬೇಕು. ಮನೆಯವರು ಎಲ್ಲ ಹೇಳಿಕೊಂಡ ಮೇಲೆ "ಅವರು ನಮಗೆ ಬೇಕಾದವರು" ಎಂದರೆ ಅದು ಮೋಸ.

ಇಷ್ಟಾದ ಮೇಲೆ ದಾಖಲೆ. ಡಿಸ್ಚಾರ್ಜ್ ಸಮರಿ ಓದಿ ಕೇಸಿನ ಬಗ್ಗೆ ಅಭಿಪ್ರಾಯ ಕೊಡುವವರನ್ನು ನಂಬಬೇಡಿ. ಅದು ಆಸ್ಪತ್ರೆ ತನ್ನ ದೃಷ್ಟಿಯಿಂದ, ಎಲ್ಲ ಮುಗಿದ ಮೇಲೆ ಬರೆದ ಎರಡು ಪುಟದ ಸಾರಾಂಶ. ಬೇಕಾದದ್ದು ಪೂರ್ತಿ ಕೇಸ್ ಶೀಟು. 2002ರ ವೈದ್ಯಕೀಯ ನಡಾವಳಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಿ ಬರಬಾರದು. ಲಿಖಿತ ಅರ್ಜಿ ಕೊಟ್ಟು, ಎರಡನೇ ಪ್ರತಿಯ ಮೇಲೆ ದಿನಾಂಕ, ಸಮಯ, ಮೊಹರು ಹಾಕಿಸಿಕೊಳ್ಳಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಕಳಿಸಬೇಕು. ಆ ಅರ್ಜಿಗೆ ಉತ್ತರ ಬಾರದಿದ್ದರೆ ಅದೇ ಮುಂದೆ ಸಾಕ್ಷ್ಯವಾಗುತ್ತದೆ.

ಅರ್ಜಿಯಲ್ಲಿ "ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಸಾಲದು. ಹೆಸರು ಹಿಡಿದು ಕೇಳಬೇಕು. ದಾಖಲಾತಿ ಹಾಳೆ, ಡಾಕ್ಟರ ದೈನಂದಿನ ಟಿಪ್ಪಣಿ, ಡಾಕ್ಟರ ಆದೇಶ ಹಾಳೆ, ನರ್ಸ್ ಟಿಪ್ಪಣಿ, ನಾಡಿ-ಬಿಪಿ-ಜ್ವರದ ಚಾರ್ಟು, ಔಷಧ ಚಾರ್ಟು, ದ್ರವದ ಒಳಹರಿವು-ಹೊರಹರಿವಿನ ಚಾರ್ಟು, ಒಪ್ಪಿಗೆ ಪತ್ರಗಳು, ಆಪರೇಷನ್ ಟಿಪ್ಪಣಿ, ಅರಿವಳಿಕೆಯ ಪೂರ್ವ ತಪಾಸಣೆ ಮತ್ತು ಅರಿವಳಿಕೆ ಚಾರ್ಟು, ಹೆರಿಗೆಯಾದರೆ ಪಾರ್ಟೋಗ್ರಾಫು (ಹೆರಿಗೆ ಮುಂದುವರಿದ ಬಗೆಯ ನಕ್ಷೆ) ಮತ್ತು ಮಗುವಿನ ಹೃದಯ ಬಡಿತದ ಪಟ್ಟಿ, ಸ್ಕ್ಯಾನಿನ ಸಿ.ಡಿ., ಬೇರೆ ಕಡೆಗೆ ಕಳಿಸಿದ್ದರೆ ರೆಫರಲ್ ಚೀಟಿ. ಇವುಗಳ ಜೊತೆಗೆ ಮನೆಯಲ್ಲಿರುವ ಫಾರ್ಮಸಿ ಬಿಲ್ಲುಗಳು. ಔಷಧದ ಬಿಲ್ಲನ್ನು ಜನ ಎಸೆದುಬಿಡುತ್ತಾರೆ. ಎಸೆಯಬಾರದು. ಅದರ ಮೂಲೆಯಲ್ಲಿ ಕಂಪ್ಯೂಟರ್ ಮುದ್ರಿಸಿದ ಸಮಯ ಇರುತ್ತದೆ, ಅದನ್ನು ಆಮೇಲೆ ಯಾರೂ ಕೈಯಲ್ಲಿ ತಿದ್ದಲು ಆಗುವುದಿಲ್ಲ.

ಓದುವ ಕ್ರಮ ಹೇಗಿರುತ್ತದೆ ಎಂಬುದಕ್ಕೆ ಹೆರಿಗೆಯ ನಂತರದ ರಕ್ತಸ್ರಾವದ ಒಂದು ಕಡತ ಎಂದುಕೊಳ್ಳೋಣ. ಇದು ಯಾರದ್ದೂ ಅಲ್ಲ, ತೋರಿಸಲೆಂದು ಕಟ್ಟಿಕೊಂಡದ್ದು. ರಾತ್ರಿ 1.10ಕ್ಕೆ ಸಹಜ ಹೆರಿಗೆ. ಬೆಳಗಿನ ಜಾವ 5.50ಕ್ಕೆ ತಾಯಿಯ ಸಾವು. ಡಾಕ್ಟರ ಟಿಪ್ಪಣಿಯಲ್ಲಿ 1.30ಕ್ಕೆ "ರೋಗಿ ಸ್ಥಿರ" ಎಂದಿದೆ. ಅದರ ಕೆಳಗೆ ನೇರವಾಗಿ 2.35: "ರಕ್ತಸ್ರಾವ ಹೆಚ್ಚಿದೆ, ಗರ್ಭಕೋಶ ಮೆತ್ತಗಿದೆ, ಔಷಧ ಕೊಡಲಾಗಿದೆ." ಅಷ್ಟನ್ನೇ ಓದಿದರೆ, ರಕ್ತಸ್ರಾವ ಕಂಡ ತಕ್ಷಣ ಡಾಕ್ಟರು ಬಂದರು ಎನಿಸುತ್ತದೆ.

ಈಗ ಪಕ್ಕದಲ್ಲಿ ನರ್ಸ್ ಚಾರ್ಟ್ ಇಟ್ಟುಕೊಳ್ಳಿ. 1.30ಕ್ಕೆ ನಾಡಿ 92, ಬಿಪಿ 110/70. 2.00ಕ್ಕೆ ನಾಡಿ 108, ಬಿಪಿ 104/70. 2.30ಕ್ಕೆ ನಾಡಿ 124, ಬಿಪಿ 96/60. 3.15ಕ್ಕೆ ನಾಡಿ 138, ಬಿಪಿ 80/50. ಬಾಣಂತಿಯ ದೇಹ ರಕ್ತ ಕಳೆದುಕೊಳ್ಳುವಾಗ ಮೊದಲು ಓಡುವುದು ನಾಡಿ. ಬಿಪಿ ಕುಸಿಯುವುದು ತಡವಾಗಿ. ಅಂದರೆ 2.00ಕ್ಕೇ ಚಾರ್ಟು ಕೂಗಿ ಹೇಳುತ್ತಿದೆ. ಹೆರಿಗೆಯಾದ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನೋಡುವುದು ಒಪ್ಪಿತ ಪದ್ಧತಿ. ಇಲ್ಲಿ ಅರ್ಧ ಗಂಟೆಗೊಮ್ಮೆ ಬರೆದಿದೆ, 2.30ರ ನಂತರ ಮುಕ್ಕಾಲು ಗಂಟೆ ಏನೂ ಇಲ್ಲ. ಡಾಕ್ಟರು ನಿಜವಾಗಿ 2.35ಕ್ಕೆ ಬಂದು ಔಷಧ ಕೊಟ್ಟಿದ್ದರೆ, ಆಮೇಲಿನ ಮುಕ್ಕಾಲು ಗಂಟೆ ನಾಡಿ ಹಿಡಿಯುವವರೇ ಇರಲಿಲ್ಲವೇ? ಗರ್ಭಕೋಶ ಬಿಗಿಗೊಳಿಸುವ ಇಂಜೆಕ್ಷನ್ನಿನ ಫಾರ್ಮಸಿ ಬಿಲ್ಲಿನಲ್ಲಿ ಸಮಯ 3.22. ಬ್ಲಡ್ ಬ್ಯಾಂಕಿನ ಬೇಡಿಕೆ ಚೀಟಿ 3.40. ರಕ್ತ ಹೊರಟದ್ದು 4.25.

ಇಲ್ಲಿಗೆ ಕೇಸು ಗೆದ್ದೆವೆಂದು ಕುಣಿಯುವಂತಿಲ್ಲ. ಲೇಬರ್ ರೂಮಿನ ತುರ್ತು ಟ್ರೇಯಿಂದ ಔಷಧ ತೆಗೆದು ಕೊಟ್ಟು, ಆಮೇಲೆ ಮನೆಯವರಿಂದ ತರಿಸಿ ಟ್ರೇ ತುಂಬಿಸುವುದು ರೂಢಿಯಲ್ಲಿದೆ. ಹಾಗಾಗಿ 3.22ರ ಬಿಲ್ಲು ಒಂದೇ ಏನನ್ನೂ ಸಾಬೀತು ಮಾಡದು. ಔಷಧ ಚಾರ್ಟಿನಲ್ಲಿ ಕೊಟ್ಟ ಸಮಯ, ಕೊಟ್ಟವರ ಸಹಿ ನೋಡಬೇಕು. ಇನ್ನೊಂದು ಪುಟ ಹಿಂದೆ ಹೋದರೆ ದಾಖಲಾತಿಯ ದಿನದ ಹಿಮೋಗ್ಲೋಬಿನ್ 7.8. ಆಸ್ಪತ್ರೆಯ ಕಡೆಯವರು ಇದನ್ನೇ ಹಿಡಿಯುತ್ತಾರೆ: ಮೊದಲೇ ರಕ್ತಹೀನತೆ ಇತ್ತು, ಕಬ್ಬಿಣಾಂಶದ ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ. ಆದರೆ ಅದೇ ಅಂಕಿ ತಿರುಗಿ ಅವರ ಕಡೆಗೂ ಬೊಟ್ಟು ಮಾಡುತ್ತದೆ. 7.8 ಎಂದು ಗೊತ್ತಿದ್ದ ಮೇಲೆ ರಕ್ತದ ಗುಂಪು ಹೊಂದಿಸಿ ಒಂದೆರಡು ಯೂನಿಟ್ ಮೊದಲೇ ಸಿದ್ಧಪಡಿಸಿಕೊಳ್ಳಬೇಕಿತ್ತು, ಇಲ್ಲವೇ ರಕ್ತದ ಸೌಲಭ್ಯ ಇರುವಲ್ಲಿಗೆ ಹೆರಿಗೆಗೆ ಮುಂಚೆಯೇ ಕಳಿಸಬೇಕಿತ್ತು. ಈ ಕಡತವನ್ನು ನಾನಾದರೆ ತಜ್ಞರಿಗೆ ಕಳಿಸುತ್ತೇನೆ. ಕಾರಣ 3.22ರ ಬಿಲ್ಲಲ್ಲ. 2.00 ಗಂಟೆಯ 108 ಎಂಬ ನಾಡಿ ಮತ್ತು 7.8 ಎಂಬ ಹಿಮೋಗ್ಲೋಬಿನ್. ಅವೆರಡೂ ಆಸ್ಪತ್ರೆಯೇ ತನ್ನ ಕೈಯಾರೆ, ಗೊಂದಲ ಶುರುವಾಗುವ ಮೊದಲು ಬರೆದವು.

ಕಡತ ಓದುವಾಗ ಇನ್ನೂ ಕೆಲವನ್ನು ಗಮನಿಸಬೇಕು. ಮೂರು ಪಾಳಿಯ ಟಿಪ್ಪಣಿ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ, ತಡೆಯಿಲ್ಲದೆ ಹರಿದಿದ್ದರೆ ಅದು ಆಮೇಲೆ ಕೂತು ಬರೆದದ್ದಿರಬಹುದು. ಒಪ್ಪಿಗೆ ಪತ್ರದ ಖಾಲಿ ಜಾಗದಲ್ಲಿ ಶಸ್ತ್ರಚಿಕಿತ್ಸೆಯ ಹೆಸರು ಬೇರೆ ಪೆನ್ನಿನಲ್ಲಿ ತುಂಬಿರುತ್ತದೆ. ಆಸ್ಪತ್ರೆ ನಮಗೆ ಕೊಟ್ಟ ಪ್ರತಿಗೂ ಮುಂದೆ ಆಯೋಗಕ್ಕೆ ಸಲ್ಲಿಸುವ ಪ್ರತಿಗೂ ಒಂದು ಸಾಲಿನ ವ್ಯತ್ಯಾಸ ಕಂಡರೆ ಅದು ದೊಡ್ಡ ಆಯುಧ. ಅದಕ್ಕೇ ಕೈಗೆ ಬಂದ ದಿನವೇ ಪ್ರತಿ ಪುಟಕ್ಕೆ ಸಂಖ್ಯೆ ಹಾಕಿ ಸ್ಕ್ಯಾನ್ ಮಾಡಿಡಬೇಕು.

ತಪ್ಪು ಕಂಡಿತು ಎಂದುಕೊಳ್ಳಿ. ಅದು ಕಾನೂನಿನ ಕಣ್ಣಲ್ಲಿ ನಿರ್ಲಕ್ಷ್ಯವೇ? 1957ರ ಇಂಗ್ಲೆಂಡಿನ ಬೋಲಮ್ ಪ್ರಕರಣದಿಂದ ಬಂದ ಅಳತೆಗೋಲನ್ನು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ: ಆ ವಿಭಾಗದ ಸಾಧಾರಣ ನಿಪುಣ ವೈದ್ಯರು ಆ ಸಂದರ್ಭದಲ್ಲಿ ಮಾಡುವಂಥದ್ದನ್ನೇ ಈ ವೈದ್ಯರೂ ಮಾಡಿದ್ದಾರೆಯೇ? ಎರಡು ಒಪ್ಪಿತ ದಾರಿಗಳಲ್ಲಿ ಒಂದನ್ನು ಹಿಡಿದು ಅದು ಕೈಕೊಟ್ಟರೆ ನಿರ್ಲಕ್ಷ್ಯವಲ್ಲ. ಅತ್ಯುತ್ತಮ ವೈದ್ಯರು ಬೇರೆ ಮಾಡುತ್ತಿದ್ದರು ಎಂಬುದೂ ನಿರ್ಲಕ್ಷ್ಯವಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಪ್ರಾಣ ಹೋಯಿತು ಎಂಬುದೊಂದರಿಂದಲೇ ನಿರ್ಲಕ್ಷ್ಯ ಊಹಿಸಲಾಗದು ಎಂದು 2021ರಲ್ಲೂ ಕೋರ್ಟು ಮತ್ತೆ ಹೇಳಿದೆ. ಗೊತ್ತಿರುವ ತೊಡಕು ಬಂದದ್ದಕ್ಕೆ ಡಾಕ್ಟರನ್ನು ದೂರಲಾಗದು. ತೊಡಕು ಬಂದಾಗ ಅದನ್ನು ಎಷ್ಟು ಹೊತ್ತಿಗೆ ಗುರುತಿಸಿದರು, ಗುರುತಿಸಿ ಏನು ಮಾಡಿದರು ಎಂಬಲ್ಲಿ ಕೇಸು ಹುಟ್ಟುತ್ತದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಉಪಯುಕ್ತವಾದ ಗೆರೆ. ಕರುಳಿಗೆ ತೂತು ಬಿದ್ದದ್ದು ಒಂದು. ಮೂರು ದಿನ ಹೊಟ್ಟೆ ಉಬ್ಬಿ ಜ್ವರ ಏರಿದರೂ ಸ್ಕ್ಯಾನ್ ಮಾಡಿಸದೆ "ಗ್ಯಾಸ್" ಎಂದು ಮಾತ್ರೆ ಕೊಟ್ಟದ್ದು ಇನ್ನೊಂದು.

ಭೋಪಾಲದ ಡೆಂಗಿ ಪ್ರಕರಣವೊಂದರಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಎಳೆದದ್ದೂ ಇದೇ ಗೆರೆ. 56 ವರ್ಷದ ಮಹಿಳೆಗೆ ಡೆಂಗಿ ಬಂದದ್ದು ಯಾರ ತಪ್ಪೂ ಅಲ್ಲ. ಪ್ಲೇಟ್‌ಲೆಟ್ ಕುಸಿಯುತ್ತಿರುವಾಗ ರಕ್ತದ ಅಂಶಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು ಎಂದು ಮಾರ್ಗಸೂಚಿ ಇದ್ದೂ ಹಾಗೆ ಮಾಡಲಿಲ್ಲ ಎಂಬಲ್ಲಿ ಆಸ್ಪತ್ರೆ ಸಿಕ್ಕಿಬಿತ್ತು. ಆಕೆ ಗೃಹಿಣಿ, ಸಂಬಳ ಇರಲಿಲ್ಲ ಎಂದು ಆಕೆಯ ದುಡಿಮೆಯನ್ನು ಕಡೆಗಣಿಸಲಾಗದು ಎಂದು ಹೇಳಿ ಪರಿಹಾರವನ್ನು 15 ಲಕ್ಷಕ್ಕೆ ಏರಿಸಿದರು. ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಗಳಲ್ಲೂ ಡೆಂಗಿ ವಾರ್ಡು ತುಂಬುವುದರಿಂದ ಈ ತೀರ್ಪು ಕೈಯಳತೆಯಲ್ಲಿ ಇರಬೇಕಾದದ್ದು.

ಹೆಚ್ಚು ಕೇಸುಗಳು ಬಿದ್ದುಹೋಗುವುದು ಇದರ ಮುಂದಿನ ಮೆಟ್ಟಿಲಲ್ಲಿ: ಆ ತಪ್ಪಿನಿಂದಲೇ ಈ ಹಾನಿ ಆಯಿತೇ? ಎಲ್ಲೆಡೆ ಹರಡಿದ ಕ್ಯಾನ್ಸರನ್ನು ಎರಡು ವಾರ ತಡವಾಗಿ ಪತ್ತೆ ಮಾಡಿದ್ದು ತಪ್ಪೇ ಇರಬಹುದು. ಆ ಎರಡು ವಾರದಲ್ಲಿ ಆಯುಸ್ಸು ಬದಲಾಗುತ್ತಿತ್ತು ಎಂದು ಯಾವ ಆಂಕಾಲಜಿಸ್ಟೂ ಬರೆದುಕೊಡಲಾರರು. ಈ ಕೊಂಡಿ ಕಟ್ಟಲು ಬಹಳ ಸಲ ಬೇಕಾಗುವುದು ಮರಣೋತ್ತರ ಪರೀಕ್ಷೆ. ಅದೇ ಇರುವುದಿಲ್ಲ. "ಸತ್ತ ಮೇಲೆ ಯಾಕೆ ಕೊಯ್ಯಿಸೋದು" ಎಂದು ಮನೆಯವರೇ ಬೇಡ ಎಂದಿರುತ್ತಾರೆ. ಆ ಹೊತ್ತಿನ ಆ ಭಾವನೆಯನ್ನು ತಪ್ಪೆನ್ನಲಾಗದು. ಆದರೆ ಹಠಾತ್ ಸಾವಿನಲ್ಲಿ ಅದಿಲ್ಲದಿದ್ದರೆ ಆಸ್ಪತ್ರೆ "ಹೃದಯಾಘಾತ" ಅಥವಾ "ಶ್ವಾಸಕೋಶಕ್ಕೆ ರಕ್ತದ ಗಂಟು" ಎಂದು ಬರೆದದ್ದನ್ನು ಅಲ್ಲಗಳೆಯಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಫೋನಿನಲ್ಲಿ ಮೊದಲ ಗಂಟೆಯಲ್ಲೇ ಸಲಹೆ ಕೇಳಿದವರಿಗೆ ಹೇಳಬೇಕಾದ ಮಾತು ಇದೊಂದೇ: ಅನುಮಾನವಿದ್ದರೆ ಪೊಲೀಸರಿಗೆ ಬರೆದುಕೊಟ್ಟು ಮರಣೋತ್ತರ ಪರೀಕ್ಷೆ ಮಾಡಿಸಿ, ಆಮೇಲೆ ಮಿಕ್ಕದ್ದು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯ ನಂತರ, ಬಿಲ್ ಬಾಕಿಯ ನೆಪದಲ್ಲಿ ಶವ ತಡೆಹಿಡಿಯುವಂತಿಲ್ಲ ಎಂಬುದೂ ಆ ಹೊತ್ತಿಗೆ ಅವರಿಗೆ ಗೊತ್ತಿರಬೇಕು.

ಕೊಂಡಿ ಕಟ್ಟುವ ಕಷ್ಟವೇ ಇಲ್ಲದ ಕೇಸುಗಳೂ ಇವೆ. ಹೊಟ್ಟೆಯಲ್ಲಿ ಉಳಿದ ಬಟ್ಟೆ, ಎಡಗಾಲಿನ ಬದಲು ಬಲಗಾಲು, ಹೊಂದದ ಗುಂಪಿನ ರಕ್ತ. ವಸ್ತುಸ್ಥಿತಿಯೇ ಮಾತಾಡುತ್ತದೆ, ಅಂಥಲ್ಲಿ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದು 2010ರ ಕಿಶನ್ ರಾವ್ ತೀರ್ಪು ಹೇಳಿದೆ. ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಟ್ಟರೆ ಅದೇ ನಿರ್ಲಕ್ಷ್ಯ ಎಂದು 1996ರಲ್ಲೇ ತೀರ್ಮಾನವಾಗಿದೆ. ಒಪ್ಪಿಗೆಯ ಕೇಸುಗಳದು ಇನ್ನೊಂದು ಬಗೆ. 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ, ತಪಾಸಣೆಗೆಂದು ಅರಿವಳಿಕೆ ಕೊಟ್ಟ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು ಸರಿಯಲ್ಲ, ಪ್ರಜ್ಞೆ ಬಂದ ಮೇಲೆ ಆಕೆಯನ್ನೇ ಕೇಳಬೇಕಿತ್ತು ಎಂದರು. ತತ್ವದ ದೃಷ್ಟಿಯಿಂದ ದೊಡ್ಡ ತೀರ್ಪು. ಕೊಟ್ಟ ಪರಿಹಾರ 25,000 ರೂಪಾಯಿ. ಒಪ್ಪಿಗೆ ಪತ್ರದ ದೋಷ ಒಂದನ್ನೇ ನಂಬಿ ಕೇಸು ಹಿಡಿಯುವಾಗ ಈ ಅಂಕಿಯನ್ನು ಕಕ್ಷಿದಾರರಿಗೆ ಮೊದಲೇ ಹೇಳಬೇಕು.

ಉಳಿದ ಎಲ್ಲದಕ್ಕೂ ಒಬ್ಬ ಡಾಕ್ಟರು ಬೇಕು. ಕಡ್ಡಾಯವಲ್ಲ ಎಂದ ಮಾತ್ರಕ್ಕೆ ತಜ್ಞರಿಲ್ಲದೆ ಹೋಗುವುದು ಹುಂಬತನ. ಅದೇ ವಿಭಾಗದವರೇ ಆಗಬೇಕು. ನರರೋಗದ ಕೇಸಿಗೆ ಮೂಳೆ ಡಾಕ್ಟರ ಅಭಿಪ್ರಾಯ ಪಾಟೀ ಸವಾಲಿನ ಮೊದಲ ಪ್ರಶ್ನೆಗೇ ಉರುಳುತ್ತದೆ. ಅದೇ ಊರಿನವರು ಸಿಗುವುದಿಲ್ಲ, ನಾಳೆ ಅದೇ ಸಂಘದ ಸಭೆಯಲ್ಲಿ ಮುಖ ನೋಡಬೇಕಲ್ಲ. ದೂರದ ಊರಿನ ನಿವೃತ್ತ ಪ್ರಾಧ್ಯಾಪಕರು ಒಪ್ಪುವ ಸಾಧ್ಯತೆ ಹೆಚ್ಚು. ಸಹಿ ಮಾಡಿ ಸಾಕ್ಷಿ ಹೇಳಲು ಒಪ್ಪದವರೂ ಕಡತ ಓದಿ ಬಾಯಲ್ಲಿ ಹೇಳಲು ಒಪ್ಪುತ್ತಾರೆ. ದೂರು ದಾಖಲಿಸುವ ಮೊದಲು ಬೇಕಾದದ್ದು ಅದೇ. ಕೇಳುವ ಪ್ರಶ್ನೆ ಚಿಕ್ಕದಾಗಿರಬೇಕು: 2.00 ಗಂಟೆಗೆ ಈ ನಾಡಿ ನೋಡಿದ ನಿಮ್ಮ ಕಿರಿಯ ಡಾಕ್ಟರು ಏನು ಮಾಡಬೇಕಿತ್ತು? ಅದನ್ನು ಮಾಡಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದರೇ? ಎರಡನೆಯದಕ್ಕೆ "ಹೇಳಕ್ಕಾಗಲ್ಲ" ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸುವುದು ಲೇಸು. "ಇದರಲ್ಲಿ ಏನಾದರೂ ತಪ್ಪಿದೆಯಾ ನೋಡಿ" ಎಂದು ಇಡೀ ಕಡತ ಮುಂದಿಟ್ಟರೆ, ಎಲ್ಲ ಕಡತದಲ್ಲೂ ಇರುವಂಥ ಸಣ್ಣಪುಟ್ಟ ಲೋಪದ ಪಟ್ಟಿ ಸಿಗುತ್ತದೆ, ಕೇಸು ಸಿಗುವುದಿಲ್ಲ.

ಇನ್ನು ಹಣದ ಮಾತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಿ ಇಂಥ ಕೇಸುಗಳನ್ನು ವಕೀಲರು ಬಹುಪಾಲು ಗೆದ್ದರೆ ಇಂತಿಷ್ಟು ಪಾಲು ಎಂಬ ಕರಾರಿನ ಮೇಲೆ ನಡೆಸುತ್ತಾರೆ, ಖರ್ಚನ್ನೂ ತಾವೇ ಹಾಕುತ್ತಾರೆ. ಅದಕ್ಕೇ ಅಲ್ಲಿ ಸಣ್ಣ ಮೊತ್ತದ ಕೇಸಿಗೆ ವಕೀಲರು ಸಿಗುವುದು ಕಷ್ಟ. ಭಾರತದಲ್ಲಿ ವಕೀಲರ ಪರಿಷತ್ತಿನ ನಿಯಮಗಳು ಫಲಿತಾಂಶದ ಮೇಲೆ ನಿಂತ ಶುಲ್ಕವನ್ನೂ ಪರಿಹಾರದಲ್ಲಿ ಪಾಲನ್ನೂ ನಿಷೇಧಿಸಿವೆ. "ಬಂದದ್ದರಲ್ಲಿ ಇಪ್ಪತ್ತು ಪರ್ಸೆಂಟ್ ಕೊಡಿ ಸಾಕು" ಎನ್ನುವವರು ನಿಯಮ ಮುರಿಯುತ್ತಿದ್ದಾರೆ. ಹಾಗಾಗಿ ಶುಲ್ಕ, ತಜ್ಞರ ಸಂಭಾವನೆ, ದಾಖಲೆಗಳ ನಕಲು, ಓಡಾಟ ಎಲ್ಲವೂ ಕಕ್ಷಿದಾರರ ಜೇಬಿನಿಂದ, ಗೆಲ್ಲಲಿ ಸೋಲಲಿ.

ಆದ್ದರಿಂದ ಬರಬಹುದಾದ ಪರಿಹಾರದ ಅಂದಾಜನ್ನು ಮೊದಲೇ ಹಾಕಬೇಕು. ಮೋಟಾರು ಅಪಘಾತದ ಕೇಸುಗಳ ಗುಣಕದ ಲೆಕ್ಕ (ವರ್ಷದ ಆದಾಯದ ನಷ್ಟವನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸುವುದು) ಇಲ್ಲಿ ಕಟ್ಟುನಿಟ್ಟಾಗಿ ಅನ್ವಯಿಸದು, ಆದರೆ ಅಂದಾಜಿಗೆ ಸಾಕು. 35 ವರ್ಷದವರು, ಸ್ವಂತ ಉದ್ಯೋಗ, ತಿಂಗಳಿಗೆ 25,000. ವರ್ಷಕ್ಕೆ 3 ಲಕ್ಷ. ಮುಂದಿನ ಏರಿಕೆಗೆ ಶೇ 40 ಸೇರಿಸಿದರೆ 4.20 ಲಕ್ಷ, ನಾಲ್ಕು ಜನ ಅವಲಂಬಿತರಿದ್ದರೆ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು 3.15 ಲಕ್ಷ, ಆ ವಯಸ್ಸಿನ ಗುಣಕ 16. ಒಟ್ಟು 50.40 ಲಕ್ಷ. ಅದೇ ತಪ್ಪು, ಅದೇ ಆಸ್ಪತ್ರೆ, ರೋಗಿ 68ರ ಅಜ್ಜಿ. ಸಂಬಳವಿಲ್ಲ, ಗುಣಕ 5. ಲೆಕ್ಕ ಕೆಲವು ಲಕ್ಷಕ್ಕೆ ಬಂದು ನಿಲ್ಲುತ್ತದೆ. ಗುಣಕಕ್ಕೆ ಮುದುಕರ ಜೀವದ ಬೆಲೆ ಕಡಿಮೆ, ಆದ್ದರಿಂದ ಅವರ ಕೇಸಿಗೆ ವಕೀಲರೂ ಕಡಿಮೆ. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು. ಅಂಥ ಕೇಸು ಗಟ್ಟಿಯಾಗಿದ್ದರೆ ಕಡಿಮೆ ಶುಲ್ಕಕ್ಕೆ ಹಿಡಿಯುವ ಹಿರಿಯ ವಕೀಲರು ಇದ್ದಾರೆ, ಇನ್ನೂ ಹೆಚ್ಚು ಜನ ಇರಬೇಕು.

ಇನ್ನೊಂದು ತುದಿಯಲ್ಲಿ ಕುನಾಲ್ ಸಾಹಾ ಪ್ರಕರಣ. 1998ರಲ್ಲಿ ತೀರಿಕೊಂಡ ಹೆಂಡತಿಗಾಗಿ ಹೋರಾಡಿ 2013ರಲ್ಲಿ ಸುಮಾರು 5.96 ಕೋಟಿ ಮತ್ತು ಬಡ್ಡಿ ಪಡೆದರು. ಕಕ್ಷಿದಾರರು ಈ ಅಂಕಿಯನ್ನು ಪತ್ರಿಕೆಯಲ್ಲಿ ಓದಿಕೊಂಡೇ ಬರುತ್ತಾರೆ. ಆತ ಸ್ವತಃ ಅಮೆರಿಕದಲ್ಲಿದ್ದ ವೈದ್ಯ, ಪಟ್ಟದ್ದು 15 ವರ್ಷ ಎಂಬುದನ್ನು ಅದರ ಜೊತೆಗೇ ಹೇಳಬೇಕು. ಕಾಯ್ದೆ 3ರಿಂದ 5 ತಿಂಗಳಲ್ಲಿ ಮುಗಿಸಿ ಎನ್ನುತ್ತದೆ. ನಿಜದಲ್ಲಿ ವರ್ಷಗಳು ಹಿಡಿಯುತ್ತವೆ. ಎದುರು ಪಕ್ಷದವರು 30 ದಿನದಲ್ಲಿ, ಹೆಚ್ಚೆಂದರೆ ಇನ್ನು 15 ದಿನದಲ್ಲಿ ತಕರಾರು ಸಲ್ಲಿಸಬೇಕು ಎಂಬುದಷ್ಟೇ ಗಟ್ಟಿಯಾಗಿ ಜಾರಿಯಲ್ಲಿರುವ ಗಡುವು. ಗೆದ್ದ ಮೇಲೂ ಮೇಲ್ಮನವಿ ಇದೆ. ಮೇಲ್ಮನವಿಗೆ ಆದೇಶದ ಅರ್ಧ ಮೊತ್ತ ಠೇವಣಿ ಇಡಬೇಕು ಎನ್ನುವುದು ದೂರುದಾರರಿಗೆ ಒಂದಿಷ್ಟು ಬಲ.

ಕೊನೆಗೆ ಎದುರಿಗೆ ಕೂತ ಮನುಷ್ಯರು. ಅವರಿಗೆ ಬೇಕಾದದ್ದು ಏನು ಎಂದು ಕೇಳದೆ ಕೇಸು ಹಿಡಿಯಬಾರದು. "ಆ ಡಾಕ್ಟರ್ ಜೈಲಿಗೆ ಹೋಗ್ಬೇಕು" ಎಂಬುದೊಂದೇ ಉತ್ತರವಾದರೆ ಗ್ರಾಹಕ ಆಯೋಗ ಅದನ್ನು ಕೊಡಲಾರದು. ಕ್ರಿಮಿನಲ್ ಹೊಣೆಗೆ ಸಾಧಾರಣ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಬೇಕು. ಪೊಲೀಸರು ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿದೆ. ಆ ಡಾಕ್ಟರು ಇನ್ನೊಬ್ಬರಿಗೆ ಹೀಗೆ ಮಾಡಬಾರದು ಎಂಬುದು ಆಸೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಪರವಾನಗಿ ಅಮಾನತು ಮಾಡುವ ಅಧಿಕಾರ ಅದಕ್ಕಿದೆ, ಪರಿಹಾರ ಕೊಡಿಸುವ ಅಧಿಕಾರವಿಲ್ಲ. ಎಷ್ಟೋ ಜನರಿಗೆ ಬೇಕಾಗಿರುವುದು ಏನಾಯಿತು ಎಂಬ ನೇರ ಉತ್ತರ. ಕಡತ ಓದಿ ಅದನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ.

ಮನೆಯವರು ಹೇಳದೆ ಬಿಟ್ಟದ್ದನ್ನೂ ಕೇಳಬೇಕು, ನೇರವಾಗಿ, ಆದರೆ ಗದರಿಸದೆ. ಮಧ್ಯದಲ್ಲಿ ವೈದ್ಯರ ಸಲಹೆ ಮೀರಿ ಡಿಸ್ಚಾರ್ಜ್ ಮಾಡಿಸಿಕೊಂಡರೇ? ಸಕ್ಕರೆ ಮಾತ್ರೆ ಬಿಟ್ಟು ನಾಟಿ ಔಷಧಿಗೆ ಹೋಗಿದ್ದರೇ? ಬೇರೆ ಆಸ್ಪತ್ರೆಯಲ್ಲಿ ಮೊದಲೇ ತೋರಿಸಿದ್ದರೇ? ಆಸ್ಪತ್ರೆಯವರ ಜೊತೆ ರಾಜಿಯಾಗಿ ಯಾವುದಾದರೂ ಕಾಗದಕ್ಕೆ ಸಹಿ ಹಾಕಿ ಬಿಲ್ ಬಿಡಿಸಿಕೊಂಡರೇ? ಇವು ಇದ್ದರೂ ಕೇಸು ಉಳಿಯಬಹುದು. ಬಚ್ಚಿಟ್ಟು ತಕರಾರಿನಲ್ಲಿ ಹೊರಬಿದ್ದರೆ ಉಳಿಯುವುದಿಲ್ಲ.

ಬೇಡ ಎಂದು ತೀರ್ಮಾನವಾದರೆ ಅದನ್ನು ಬೇಗ ಹೇಳಬೇಕು. ತಿಂಗಳುಗಟ್ಟಲೆ "ನೋಡ್ತಾ ಇದೀನಿ" ಎಂದು ಕಡತ ಇಟ್ಟುಕೊಂಡು ಕೂತರೆ ಕಾಲಮಿತಿ ಕರಗುತ್ತದೆ, ಬೇರೆ ವಕೀಲರ ಹತ್ತಿರ ಹೋಗುವ ದಾರಿಯೂ ಮುಚ್ಚುತ್ತದೆ. ಹೇಳುವಾಗ ಕಾರಣವನ್ನೂ ಹೇಳಬೇಕು: ತಪ್ಪೇ ಕಾಣಲಿಲ್ಲವೋ, ತಪ್ಪಿದ್ದೂ ಸಾವಿಗೆ ಕೊಂಡಿ ಸಿಗಲಿಲ್ಲವೋ, ಅಥವಾ ಖರ್ಚು ಗಿಟ್ಟದು ಎಂಬುದಷ್ಟೇ ಕಾರಣವೋ. ಮೂರನೆಯದಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಿಳಾಸ ಕೊಡಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಮೂಲ ದಾಖಲೆಗಳನ್ನು ಎಣಿಸಿ ವಾಪಸ್ ಕೊಟ್ಟು ಸಹಿ ಪಡೆಯಬೇಕು, ಫಿಲ್ಮು ಮತ್ತು ಸಿ.ಡಿ. ಸೇರಿ. ಜೊತೆಗೆ ಒಂದು ಪತ್ರ: ನಿಮ್ಮ ಕೇಸನ್ನು ನಾವು ತೆಗೆದುಕೊಳ್ಳುತ್ತಿಲ್ಲ, ಬೇರೆಯವರ ಅಭಿಪ್ರಾಯ ಪಡೆಯಲು ನೀವು ಸ್ವತಂತ್ರರು, ದೂರು ಸಲ್ಲಿಸಲು ಕೊನೆಯ ದಿನ ಇಂಥದ್ದು. ಆ ದಿನಾಂಕವನ್ನು ಕೆಂಪು ಶಾಯಿಯಲ್ಲಿ, ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಓದಿ ಹೇಳಿ, ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಬೇಕು.